ಹಿಂಗಾಲು ಕಂಡ ಕಾಡು

ಆ ಮನೆಯಲ್ಲಿ ಗಂಡ ಮುಂಗಾಲು, ಹೆಂಡತಿ ಹಿಂಗಾಲು. ಇದು ಬೈಗುಳವಲ್ಲ, ಕಸುಬಿನ ಮಾತು. ಚಾರಣಕ್ಕೆಂದು ಕಾಡಿಗೆ ಬರುವ ಗುಂಪನ್ನು ದಾರಿ ತೋರಿಸುತ್ತ ಕರೆದೊಯ್ಯುವವರು ಮುಂಗಾಲು. ಎಲ್ಲರಿಗಿಂತ ಕೊನೆಗೆ, ಯಾರೂ ಹಿಂದುಳಿಯದಂತೆ, ಯಾರ ಸಾಮಾನೂ ಬಿದ್ದುಹೋಗದಂತೆ ಕಾಯ್ದುಕೊಂಡು ಬರುವವರು ಹಿಂಗಾಲು. ಹನ್ನೊಂದು ವರ್ಷದಿಂದ ಅವರಿಬ್ಬರೂ ಹೀಗೇ ನಡೆದಿದ್ದರು. ನಡುವೆ ಏಳೆಂಟು ಜನ ಅಪರಿಚಿತರು, ಅವರ ಬೆನ್ನುಚೀಲಗಳು, ಅವರ ಏದುಸಿರು. ಗಂಡ ಹೆಂಡತಿ ಜೊತೆಜೊತೆಗೇ ದುಡಿಯುತ್ತಾರೆ, ಪುಣ್ಯವಂತರು ಎಂದು ಬೀದಿಯವರು ಹೇಳುತ್ತಿದ್ದರು. ಆದರೆ ಕಾಡಿನ ಗೇಟಿನ ಬಳಿ ವ್ಯಾನು ಇಳಿದ ಮೇಲೆ ಅವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿದ್ದುದು ಬುತ್ತಿ ಬಿಚ್ಚುವ ಹೊತ್ತಿಗೆ ಮಾತ್ರ.

ಗಂಡನಿಗೆ ಮಾತೇ ಅರ್ಧ ಊಟ. ಮರ ಕಂಡರೆ ಮರದ ಕಥೆ, ಕಲ್ಲು ಕಂಡರೆ ಕಲ್ಲಿನ ಕಥೆ, ಏನೂ ಕಾಣದಿದ್ದರೆ ಯಾಕೆ ಕಾಣಲಿಲ್ಲ ಎಂಬುದರ ಕಥೆ. ಜನ ಬರುತ್ತಿದ್ದುದು ಗುಡ್ಡಕ್ಕೆಷ್ಟೋ ಅವನ ಬಾಯಿಗೂ ಅಷ್ಟೇ. “ಇವನು ಸುಮ್ಮನಾದ್ರೆ ಹಕ್ಕಿಗಳು ಗಾಬರಿ ಆಗ್ತಾವೆ, ಪಾಪ, ಏನಾಯ್ತೋ ಏನೋ ಅಂತ” ಎಂದು ಅವನ ತಾಯಿಯೇ ಹೇಳುತ್ತಿದ್ದಳು.

ಹೆಂಡತಿ ಇದಕ್ಕೆ ತದ್ವಿರುದ್ಧ. ಅವಳ ಮಾತು ಎಣಿಸಿ ಇಟ್ಟಂತೆ. ಬಂದವರು ಅವಳನ್ನು ಹಿಂಗಾಲಕ್ಕ ಎಂದು ಕರೆಯುತ್ತಿದ್ದರು. ಅವಳಿಗೂ ಆ ಹೆಸರು ಹಿತವಾಗಿತ್ತು, ಏಕೆಂದರೆ ಹಿಂದಿರುವವರಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೊರಳಲ್ಲಿ ಒಂದು ಸೀಟಿ, ಸೊಂಟದಲ್ಲಿ ಒಂದು ಬಟ್ಟೆಯ ಚೀಲ. ಸೀಟಿ ಊದಿದರೆ ಮುಂದಿನವರೆಲ್ಲ ಇದ್ದಲ್ಲೇ ನಿಲ್ಲಬೇಕು ಎಂಬುದು ನಿಯಮ. ಚೀಲಕ್ಕೆ ದಾರಿಯಲ್ಲಿ ಸಿಕ್ಕಿದ್ದೆಲ್ಲ ಹೋಗುತ್ತಿತ್ತು: ಮಿಠಾಯಿಯ ಕಾಗದ, ಬಾಟಲಿಯ ಮುಚ್ಚಳ, ಕೂದಲ ಕ್ಲಿಪ್ಪು, ಒಮ್ಮೆ ಒಂದು ಕಟ್ಟಿಸಿಕೊಂಡ ಹಲ್ಲು.

ಅವರ ಅಂಗಡಿಯೆಂದರೆ ಬೀದಿಗೆ ತೆರೆದುಕೊಂಡ ಒಂದೇ ಕೋಣೆ, ಮಾಳಿಗೆಯ ಮೇಲೆ ಮನೆ. ಗೋಡೆಗೆ ಹೊಡೆದ ಮೊಳೆಗಳಿಂದ ಚೀಲಗಳು ನೇತಾಡುತ್ತಿದ್ದವು. ಹಲಗೆಯ ಮೇಲೆ ಬಾಡಿಗೆ ಬೂಟುಗಳು ಬೋರಲು ಬಿದ್ದು ಒಣಗುತ್ತಿದ್ದವು. ಮೇಜಿನ ಗಾಜಿನ ಕೆಳಗೆ ಕಾಡಿನ ನಕ್ಷೆ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಐದು ದಾರಿ. ನಾಲ್ಕನ್ನು ಯಾರೂ ಕೇಳುತ್ತಿರಲಿಲ್ಲ. ಬಂದವರೆಲ್ಲ ಬೆರಳಿಡುತ್ತಿದ್ದುದು ಐದನೆಯದರ ಮೇಲೆ. ಹೊಳೆ ದಾಟಿ, ಹನ್ನೊಂದು ತಿರುವು ಹತ್ತಿ, ಮರಗಳೆಲ್ಲ ಕೆಳಗೆ ಉಳಿದು ಗಾಳಿಯೊಂದೇ ಇರುವ ಗುಡ್ಡದ ತುದಿಗೆ ಹೋಗುವ ದಾರಿ ಅದು. ಕಸುಬಿನವರು ಅದನ್ನು ನೆತ್ತಿ ಎನ್ನುತ್ತಿದ್ದರು. ನೆತ್ತಿ ಇದ್ದುದರಿಂದಲೇ ಆ ಮನೆಯ ಒಲೆ ಉರಿಯುತ್ತಿತ್ತು ಎಂದರೂ ಸುಳ್ಳಲ್ಲ.

ನೆತ್ತಿಯ ದಾರಿಗೆ ಮೂರು ವರ್ಷಕ್ಕೊಮ್ಮೆ ಅರಣ್ಯ ಇಲಾಖೆಯ ಅನುಮತಿ ಹೊಸದಾಗಬೇಕು. ಅದಕ್ಕೊಂದು ಸ್ಥಿತಿ ಹಾಳೆ. ದಾರಿ ಹೇಗಿದೆ, ಎರಡೂ ಬದಿ ಹೇಗಿದೆ, ಹೊಳೆಯಂಚು ಹೇಗಿದೆ ಎಂದು ಮೂರು ಪ್ರಶ್ನೆ, ಕೆಳಗೆ ಮುಂಗಾಲಿನವರ ಸಹಿ. ಗಂಡ ಎಂದೂ ಸುಳ್ಳು ಬರೆದವನಲ್ಲ. ಎಲ್ಲರಿಗಿಂತ ಮೊದಲು ನೆತ್ತಿ ತಲುಪುತ್ತಿದ್ದ. ಉಳಿದವರು ಬರುವವರೆಗೆ ಇಪ್ಪತ್ತು ನಿಮಿಷ ಕೈ ಖಾಲಿ. ಆ ಹೊತ್ತಿನಲ್ಲಿ ರಟ್ಟಿನ ಮೇಲೆ ಹಾಳೆ ಇಟ್ಟು, ತಾನು ಕಂಡಂತೆಯೇ, ಮೂರಕ್ಕೂ ‘ಚೆನ್ನಾಗಿದೆ’ ಎಂದು ಬರೆಯುತ್ತಿದ್ದ.

ಅವನು ಕಂಡಿದ್ದು ಏಳು ಜನ ಕಾಲಿಡುವ ಮೊದಲಿನ ಕಾಡು. ಅವಳು ಕಾಣುತ್ತಿದ್ದುದು ಏಳು ಜನ ನಡೆದುಹೋದ ಮೇಲಿನ ಕಾಡು. ಊರುಗೋಲುಗಳ ಕಬ್ಬಿಣದ ಮೊನೆ ದಾರಿಯ ಅಂಚಿನಲ್ಲಿ ಸಾಲಾಗಿ ತೂತು ಮಾಡುತ್ತಿತ್ತು. ಆ ತೂತುಗಳಲ್ಲಿ ಮಳೆನೀರು ಇಳಿದು ಮುಂದಿನ ವರ್ಷದ ಹೊತ್ತಿಗೆ ಅಂಚೇ ಕುಸಿಯುತ್ತಿತ್ತು. ತಿರುವಿನಿಂದ ತಿರುವಿಗೆ ಸುತ್ತಿ ನಡೆಯಲು ಬೇಸರವಾದವರು ನಡುವೆ ಅಡ್ಡ ಇಳಿಯುತ್ತಿದ್ದರು. ಒಬ್ಬ ಇಳಿದರೆ ಒಂದು ಗೆರೆ, ಹತ್ತು ಜನ ಇಳಿದರೆ ಒಂದು ಕಾಲುದಾರಿ, ಮಳೆ ಬಂದರೆ ಒಂದು ಕೊರಕಲು. ಒಂದು ಕಾಲಕ್ಕೆ ಹಾವಸೆ ಹೊದ್ದಿದ್ದ ಕಲ್ಲುಗಳು ಈಗ ಬೋಳಾಗಿ ಹೊಳೆಯುತ್ತಿದ್ದವು.

ಅವಳು ಹೇಳಿರಲಿಲ್ಲವೆಂದಲ್ಲ. “ದಾರಿ ಸವೀತಿದೆ ರೀ” ಎಂದಿದ್ದಳು.

“ಸವೀದೇ ಇದ್ರೆ ಅದನ್ನ ದಾರಿ ಅಂತಾರೇನೇ?” ಎಂದು ಅವನು ನಕ್ಕಿದ್ದ. ಅವನ ಮಾತಿಗೆ ಎದುರುಮಾತು ಹುಡುಕುವಷ್ಟರಲ್ಲಿ ಅವನು ಇನ್ನೊಂದು ಕಥೆಗೆ ಹೋಗಿಯಾಗಿತ್ತು.

ಈ ಸಲ ಹಾಳೆ ಕೊಡಲು ಸೋಮವಾರ ಕೊನೆಯ ದಿನ. ಶನಿವಾರ ಏಳು ಜನರ ಗುಂಪಿತ್ತು. ಶುಕ್ರವಾರ ಸಂಜೆ ಗಂಡನ ಗಂಟಲು ಕಟ್ಟಿತು.

ಬೆಳಗ್ಗೆ ಎದ್ದಾಗ ದನಿ ಪೂರ್ತಿ ಮಾಯ. ಬಾಯಿ ತೆರೆದರೆ ತೂತುಬಿದ್ದ ಸೈಕಲ್ ಪಂಪಿನಂತೆ ಗಾಳಿ. ಅತ್ತೆ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟು, ಮಗನ ಮುಖ ನೋಡಿ, “ನಲವತ್ತಾರು ವರ್ಷದಲ್ಲಿ ಮೊದಲನೇ ಸಲ ಮನೇಲಿ ಗಡಿಯಾರದ ಸದ್ದು ಕೇಳಿಸ್ತಿದೆ” ಎಂದಳು. ಸೊಸೆ ನಗಲಿಲ್ಲ. ಅವಳಿಗೆ ಮುಂದಿನದು ಆಗಲೇ ಹೊಳೆದಿತ್ತು.

ದನಿಯಿಲ್ಲದವನು ಮುಂದೆ ನಡೆದು ಮಾಡುವುದೇನು? ಅವನು ಅವಳತ್ತ ಬೆರಳು ತೋರಿಸಿ, ಆಮೇಲೆ ಮುಂದಕ್ಕೆ ತೋರಿಸಿದ. ತನ್ನತ್ತ ತೋರಿಸಿ, ಹಿಂದಕ್ಕೆ ತೋರಿಸಿದ.

“ನನ್ನ ಕೈಲಾಗಲ್ಲ ರೀ. ನಾನೇನ್ ಮಾತಾಡ್ಲಿ?”

“ಮಾತಾಡಬೇಡ. ನಡಿ,” ಅವನು ಪಿಸುಗುಟ್ಟಿದ. ಅಷ್ಟಕ್ಕೇ ಕೆಮ್ಮು ಬಂತು.

“ಹೋಗಮ್ಮ,” ಎಂದಳು ಅತ್ತೆ. “ಕಾಡಿಗೇನು ಭಾಷಣ ಬೇಕಾ? ಅದೂ ಒಂದಿನ ರಜ ತಗೊಳ್ಳಲಿ.”

ಗುಂಪಿನಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ನಿವೃತ್ತ ಟೀಚರು, ಒಂದೇ ಆಫೀಸಿನ ಮೂವರು ಗೆಳತಿಯರು, ಹೊಸದಾಗಿ ಮದುವೆಯಾದ ಒಂದು ಜೋಡಿ. ಡಾಕ್ಟರು ದೊಡ್ಡ ಆಳು, ದೊಡ್ಡ ನಗು. ಮುಂಗಾಲಿಗೆ ದನಿಯಿಲ್ಲ ಎಂದು ಕೇಳಿದ್ದೇ, “ಆ ಅಂದು ಬಾಯಿ ತೆಗೀರಿ, ನೋಡೋಣ” ಎಂದು ಗೇಟಿನ ಬಳಿಯೇ ಟಾರ್ಚು ಹಾಕಿ ನೋಡಿ, “ಗಂಟಲು ನನ್ನ ಇಲಾಖೆ ಅಲ್ಲ. ಆದ್ರೆ ಎಡಗಡೆ ದವಡೆ ಹಲ್ಲು ತೋರಿಸ್ಕೊಂಡು ಹೋಗಿ” ಎಂದು ಎಲ್ಲರನ್ನೂ ನಗಿಸಿದರು. ಆ ನಗುವಿನ ನಡುವೆಯೇ ಗಂಡ ಹೆಂಡತಿ ಜಾಗ ಬದಲಿಸಿಕೊಂಡರು. ನೀರಿನ ಚೀಲ ಅವಳಿಗೆ, ಬಟ್ಟೆಯ ಚೀಲ ಅವನಿಗೆ, ರಟ್ಟು ಮತ್ತು ಹಾಳೆ ಅವಳಿಗೆ.

ಮೊದಲ ನೂರು ಹೆಜ್ಜೆ ಅವಳಿಗೆ ಬೆನ್ನೆಲ್ಲ ಕಣ್ಣಾದಂತಿತ್ತು. ಏಳು ಜನ ತನ್ನನ್ನೇ ನೋಡುತ್ತಿದ್ದಾರೆ ಎಂಬ ಹಿಂಸೆ. ಆಮೇಲೆ ಮುಖಕ್ಕೆ ಏನೋ ಮೆತ್ತಗೆ ಅಂಟಿತು. ಜೇಡರ ಬಲೆ. ನಾಲ್ಕು ಹೆಜ್ಜೆಗೆ ಇನ್ನೊಂದು. ಗಂಡ ಸಂಜೆ ಮನೆಗೆ ಬಂದಾಗ ಹುಬ್ಬಿನಲ್ಲಿ, ಕಿವಿಯ ಹಿಂದೆ ಬಿಳಿ ಎಳೆ ಅಂಟಿರುತ್ತಿದ್ದುದೇಕೆಂದು ಅವಳಿಗೆ ಆಗ ಅರ್ಥವಾಯಿತು. ಹಿಂದೆ ನಡೆದವಳಿಗೆ ಹನ್ನೊಂದು ವರ್ಷದಲ್ಲಿ ಒಂದು ಬಲೆಯೂ ಸಿಕ್ಕಿರಲಿಲ್ಲ. ಅವಳು ಬಗ್ಗಿ ನಡೆಯತೊಡಗಿದಳು. ಹಿಂದಿನವರೂ, ಯಾಕೆಂದು ಕೇಳದೆ, ಬಗ್ಗಿದರು.

ಕಾಡು ಬೇರೆಯೇ ಇತ್ತು. ಒದ್ದೆ ಮಣ್ಣಿನ ಮೇಲೆ ಯಾರ ಬೂಟಿನ ಗುರುತೂ ಇಲ್ಲ; ಒಂದು ಮುಂಗುಸಿಯ ಹೆಜ್ಜೆ ದಾರಿಯ ನಡುಮಧ್ಯೆ, ತನ್ನದೇ ರಸ್ತೆ ಎಂಬಂತೆ, ಬಹಳ ದೂರ ಹೋಗಿತ್ತು. ಹುಲ್ಲು ಇಬ್ಬನಿಯ ಭಾರಕ್ಕೆ ದಾರಿಯತ್ತ ಬಾಗಿತ್ತು. ಅವಳ ಕಾಲು ತಾಗಿದ ಮೇಲೆ ಅದು ನೆಟ್ಟಗಾಗುತ್ತಿತ್ತು. ಅವಳು ಇಷ್ಟು ವರ್ಷ ನೋಡಿದ್ದು ಬರೀ ನೆಟ್ಟಗಾದ ಹುಲ್ಲನ್ನು.

ಹೊಳೆಯ ಬಳಿ, ದೊಡ್ಡ ಬಂಡೆಯ ತಿರುವಿನಲ್ಲಿ, ಅವಳು ಗಕ್ಕನೆ ನಿಂತಳು. ಬಂಡೆಯ ಕೆಳಗಿನ ಮಡುವಿನ ದಡದಲ್ಲಿ ಎರಡು ನೀರುನಾಯಿ. ಒಂದು ಅಂಗಾತ ಮಲಗಿ ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಜೋಳದ ತೆನೆ ತಿನ್ನುವವರಂತೆ ಕಡಿಯುತ್ತಿತ್ತು. ಇನ್ನೊಂದು ತಲೆಯೆತ್ತಿ ಅವಳನ್ನು ನೋಡಿತು. ಹೆದರಿದ ನೋಟವಲ್ಲ. ಬಾಗಿಲು ತಟ್ಟದೆ ಒಳಗೆ ಬಂದವರನ್ನು ಮನೆಯವರು ನೋಡುತ್ತಾರಲ್ಲ, ಆ ನೋಟ. ಅವಳು ಉಸಿರು ಹಿಡಿದಳು. ಹಿಂದಿನಿಂದ ಊರುಗೋಲು ಕಲ್ಲಿಗೆ ಟಣ್ಣೆಂದಿತು. ಎರಡೂ ನೀರಿಗೆ ಜಾರಿದವು. ಸದ್ದೂ ಆಗಲಿಲ್ಲ, ಮಡುವಿನ ಮೇಲೆ ಒಂದು ಸುಕ್ಕು ಮಾತ್ರ ಉಳಿಯಿತು.

“ಏನಕ್ಕ, ಏನಿತ್ತು?” ಗೆಳತಿಯರಲ್ಲೊಬ್ಬಳು ಕೇಳಿದಳು.

ಹೇಳಲೇಬೇಕಾಯಿತು. ಅವಳು ಹೇಳಿದಳು. ಮೀನು, ಕೈ, ನೋಟ, ಎಲ್ಲ. ಹೇಳುತ್ತ ಹೇಳುತ್ತ ಮಾತು ತಾನೇ ಉದ್ದವಾಯಿತು. ಏಳು ಜನ ಖಾಲಿ ಮಡುವನ್ನು ನೋಡುತ್ತ, ಅಲ್ಲಿ ಇನ್ನೂ ಏನೋ ಇರುವಂತೆ ಕೇಳಿದರು. ಟೀಚರು, “ನಮ್ಮ ಕಣ್ಣಿಗೆ ಬೀಳಲಿಲ್ಲ, ಕಿವಿಗಾದ್ರೂ ಬಿತ್ತಲ್ಲ” ಎಂದರು. ಆ ಮಾತಿನ ಖುಷಿ ಅವಳಿಗೆ ಹನ್ನೊಂದೂ ತಿರುವಿನ ಏರು ಇಳಿಸಿಬಿಟ್ಟಿತು. ಎಲ್ಲರಿಗಿಂತ ಮೊದಲು ನೆತ್ತಿಯಲ್ಲಿದ್ದಳು.

ರಟ್ಟು ತೆಗೆದು ಕೂತಳು. ದಾರಿ ಹೇಗಿದೆ? ಅವಳು ಕೆಳಗೆ ನೋಡಿದಳು. ಮೇಲಿನಿಂದ ದಾರಿ ಕಾಣುತ್ತಲೇ ಇರಲಿಲ್ಲ. ಹಸಿರು, ಹಸಿರಿನ ಮೇಲೆ ಮೋಡದ ನೆರಳು, ಅಷ್ಟೇ. ಬಾಯಲ್ಲಿ ಇನ್ನೂ ನೀರುನಾಯಿಯ ಕಥೆಯ ರುಚಿ. ಗಂಡ ಇಂಥ ಹಾಳೆಗಳಲ್ಲಿ ಬರೆದ ಮಾತು ಯಾವ ಕಲ್ಲಿನ ಮೇಲೆ ಕೂತು ಬರೆದದ್ದೆಂದು ಅವಳಿಗೆ ಗೊತ್ತಾಯಿತು. ಅವಳಿಗೇ ಪೆನ್ನಿನ ತುದಿಗೆ ‘ಚೆ’ ಬಂದಿತ್ತು. ಬರೆಯದೆ ಹಾಳೆ ಮಡಿಸಿ ಇಟ್ಟಳು.

ಗಂಡ ಬಂದಾಗ ಎಲ್ಲರ ಊಟ ಅರ್ಧ ಮುಗಿದಿತ್ತು. ಬಟ್ಟೆಯ ಚೀಲ ಉಬ್ಬಿತ್ತು. ಪ್ಯಾಂಟಿನ ಎರಡೂ ಮಂಡಿಗೆ ಮಣ್ಣು ಹತ್ತಿತ್ತು. ಎಲ್ಲೋ ಮಂಡಿಯೂರಿ ಕೂತು ನೋಡಿದ್ದ. ಅವಳು ಬುತ್ತಿ ಮುಂದೆ ಇಟ್ಟರೆ ತಲೆಯಾಡಿಸಿದ.

“ಏನಾಯ್ತು ರೀ?”

ಅವನು ಬಾಯಿ ತೆರೆದ, ಗಾಳಿ ಬಂತು, ಮುಚ್ಚಿದ.

ಇಳಿಯುವಾಗಲೂ ಅದೇ ಕ್ರಮ. ಅವಳು ಬೇಗ ಬೇಗ ಇಳಿದಳು, ಮಡುವಿನ ಹತ್ತಿರ ಇನ್ನೊಮ್ಮೆ ಒಬ್ಬಳೇ ನಿಲ್ಲುವ ಆಸೆ. ನೀರುನಾಯಿ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಡಾಕ್ಟರು ಧಡಧಡನೆ ಬಂದರು, ಹಿಂದೆಯೇ ಹೊಸ ಜೋಡಿ, ಗೆಳತಿಯರು. ಎಲ್ಲರ ಮುಖದಲ್ಲೂ ಜಾರುಬಂಡೆ ಇಳಿದ ಮಕ್ಕಳ ಹುರುಪು.

“ನಿಮ್ಮ ಯಜಮಾನ್ರು ಭಾರಿ ಹುರಿದುಂಬಿಸೋರು ಕಣಕ್ಕ,” ಎಂದರು ಡಾಕ್ಟರು. “ಆ ಮೇಲಿನ ತಿರುವಿಂದ ಅಡ್ಡ ಇಳಿದುಬಿಟ್ಟೆ. ಅವರು ಮೇಲೆ ನಿಂತು ಚಪ್ಪಾಳೆ ಹೊಡೆದಿದ್ದೇ ಹೊಡೆದಿದ್ದು. ನಾನೂ ಹೊಡೆದೆ. ಇವರೆಲ್ಲ ನನ್ನ ಹಿಂದೆಯೇ ಬಂದ್ರು.”

ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಸೀಟಿ ಅಲ್ಲಿಯೇ ಇತ್ತು. ಎಲ್ಲ ಬದಲಿಸಿಕೊಂಡಿದ್ದರು, ಹನ್ನೊಂದು ವರ್ಷದಿಂದ ಮೈಗೇ ಅಂಟಿಹೋದ ಸೀಟಿಯನ್ನು ಬಿಟ್ಟು.

“ನೀವು ಇಲ್ಲೇ ಇರಿ. ಯಾರೂ ಎಲ್ಲಿಗೂ ಹೋಗಬೇಡಿ,” ಎಂದಳು. ಅವಳಿಗೇ ಗುರುತು ಸಿಗದಷ್ಟು ಗಟ್ಟಿ ದನಿ.

ಅವಳು ಹತ್ತಿ ಹೋದಾಗ ಎಂಟನೆಯ ಮತ್ತು ಒಂಬತ್ತನೆಯ ತಿರುವಿನ ನಡುವೆ ಗಂಡ ಕೂತಿದ್ದ, ಪಕ್ಕದಲ್ಲಿ ಟೀಚರು ನಿಂತಿದ್ದರು. ಅವರೊಬ್ಬರೇ ಸುತ್ತಿನ ದಾರಿಯಲ್ಲಿ ಬಂದವರು. ಸ್ವಲ್ಪ ದೂರದಲ್ಲಿ ಒಂದು ಕಂದು ಹಕ್ಕಿ, ಒಂದು ರೆಕ್ಕೆ ಮುರಿದಂತೆ ನೆಲದ ಮೇಲೆ ಎಳೆದುಕೊಂಡು, ಬೀಳುತ್ತ ಏಳುತ್ತ ಓಡುತ್ತಿತ್ತು. ಅವಳಿಗೆ ಆ ಆಟ ಗೊತ್ತು. ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿ ಅದು. ಒಣಎಲೆಯ ನಡುವೆ ಒಣಎಲೆಯಾಗಿ ಕೂರುತ್ತದೆ. ಗೂಡಿನ ಬಳಿ ಯಾರಾದರೂ ಬಂದರೆ ತನ್ನನ್ನು ಅಟ್ಟಿಸಿಕೊಂಡು ಹೋಗಲಿ ಎಂದು ಕುಂಟುವ ವೇಷ ಹಾಕುತ್ತದೆ.

ಗಂಡ ಬೆರಳು ತೋರಿಸಿದ. ಎಲೆಗಳ ಮೇಲೆ ಎರಡು ಮೊಟ್ಟೆ. ಒಂದು ಮಚ್ಚೆ ಮಚ್ಚೆಯಾಗಿ ಸುರಕ್ಷಿತವಾಗಿತ್ತು. ಇನ್ನೊಂದು ಬೂಟಿನ ಹಿಮ್ಮಡಿಯ ಗುರುತಿನೊಳಗೆ ಚಪ್ಪಟೆಯಾಗಿತ್ತು.

“ಚಪ್ಪಾಳೆ ಹೊಡೆದೆ,” ಅವನು ಪಿಸುಗುಟ್ಟಿದ. “ನಿಲ್ಲಲಿ ಅಂತ.”

ಅವಳು ಪಕ್ಕದಲ್ಲಿ ಕೂತಳು. ಅಡ್ಡ ಇಳಿಯಬೇಡಿ ಎಂದು ಮುಂದಿದ್ದ ಅವಳಾದರೂ ಹೇಳಬಹುದಿತ್ತು. ಅವಳ ಧ್ಯಾನವೆಲ್ಲ ಮಡುವಿನಲ್ಲಿತ್ತು.

“ಈ ದಾರಿ ಹೀಗಾಗಿದ್ದು ನಿನಗೆ ಗೊತ್ತಿತ್ತಾ?”

“ದಾರಿ ಗೊತ್ತಿತ್ತು. ಮೊಟ್ಟೆ ಗೊತ್ತಿರಲಿಲ್ಲ.”

“ಯಾಕೆ ಹೇಳಲಿಲ್ಲ?”

“ಹೇಳಿದ್ದೆ.”

“ಎಷ್ಟು ಸಲ?”

“ಪ್ರತಿ ಮಳೆಗಾಲ ಮುಗಿದ ಮೇಲೆ.”

ಅವನು ಹನ್ನೊಂದರ ಮಗ್ಗಿ ಹಾಕುವವನಂತೆ ಸ್ವಲ್ಪ ಹೊತ್ತು ನೆಲ ನೋಡಿದ. “ಏಳಿ ಇಬ್ರೂ,” ಎಂದರು ಟೀಚರು ಮೆಲ್ಲಗೆ. “ನಾವು ಇಲ್ಲಿರೋವರೆಗೂ ಅದು ಪಾಪ ಕುಂಟ್ತಾನೇ ಇರುತ್ತೆ.”

ಸಂಜೆ ಅಡುಗೆಮನೆಯಲ್ಲಿ ಗಂಡ ಹಳೆಯ ಜಾಹೀರಾತು ಹಾಳೆಯೊಂದರ ಬೆನ್ನಿಗೆ ದೊಡ್ಡಕ್ಷರದಲ್ಲಿ ಬರೆದು ಅವಳ ತಟ್ಟೆಯ ಪಕ್ಕ ತಳ್ಳಿದ: ‘ಎರಡು ವರ್ಷ ಮುಚ್ಚಬೇಕು.’

ಇಷ್ಟು ವರ್ಷ ಅವಳು ಮನಸ್ಸಿನಲ್ಲಿ ಬಯಸಿದ್ದೇ ಇದು. ಈಗ ಅದನ್ನು ಓದಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು.

“ಎರಡು ವರ್ಷ ಯಾಕೆ? ಅಡ್ಡ ಇಳಿಯೋ ಕಡೆ ಬೇಲಿ ಹಾಕೋಣ. ವಾರಕ್ಕೊಂದೇ ಗುಂಪು ಅನ್ನೋಣ.”

ಅವನು ಹಾಳೆ ಎಳೆದುಕೊಂಡು ಬರೆದ: ‘ಬೇಲಿ ಕಾಯೋರು ಯಾರು? ನೀನು ಹಿಂದೆ, ನಾನು ಮುಂದೆ.’

“ನೀವು ಇವತ್ತೊಂದಿನ ನೋಡಿದ್ರಿ, ಮುಚ್ಚು ಅಂತೀರಿ.”

‘ನೀನು ಇವತ್ತೊಂದಿನ ಮುಂದೆ ಹೋದೆ, ತೆರಿ ಅಂತೀಯ.’

ಅತ್ತೆ ಸೌಟು ಹಿಡಿದು ನಿಂತಿದ್ದವಳು, “ಚೆನ್ನಾಗಿದೆ ಕಣ್ರೋ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತ ಕೇಳಿದ್ದೆ. ಮಧ್ಯಾಹ್ನದ ಮೇಲೆ ಎತ್ತು ಕೋಣ ಆಗಿ, ಕೋಣ ಎತ್ತಾಗಿದ್ದು ಈ ಮನೇಲೇ ಮೊದಲು” ಎಂದಳು.

ಸೊಸೆ ತಟ್ಟೆಯಲ್ಲಿ ಬೆರಳಿಂದ ಗೆರೆ ಎಳೆಯುತ್ತ ಕೂತಳು. ಆಮೇಲೆ ಹೇಳಿದಳು, “ಇವತ್ತು ನೀರುನಾಯಿ ನೋಡಿದೆ ರೀ. ದೊಡ್ಡ ಬಂಡೆ ಕೆಳಗೆ.”

ಅವನ ಮುಖ ಮೊದಲ ಸಲ ಅರಳಿತು. ಬರೆಯಲು ತಾಳ್ಮೆಯಿಲ್ಲದೆ ಪಿಸುಗುಟ್ಟಿದ, “ಮೂರಿರ್ತಾವೆ. ಒಂದಕ್ಕೆ ಬಾಲದ ತುದಿ ಇಲ್ಲ.”

“ನಿಮಗೆ ಗೊತ್ತಿತ್ತಾ? ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ದೆ,” ಎಂದ ಅವನು. “ದಿನಾ ಹೇಳ್ತಿದ್ದೆ.”

ಅವಳಿಗೆ ನೆನಪಾಗಲಿಲ್ಲ. ಅವನು ಹೇಳುತ್ತಿದ್ದ ನೂರು ಮಾತುಗಳ ಹೊಳೆಯಲ್ಲಿ ಅದೂ ತೇಲಿಹೋಗಿರಬೇಕು. ಅವಳು ದಡದಲ್ಲಿ ಕೂತು ಹ್ಞೂಂಗುಟ್ಟಿರಬೇಕು. ಅತ್ತೆ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ತಮಾಷೆ ಮಾಡಲು ಮನಸ್ಸಾಗಲಿಲ್ಲವೋ ಏನೋ, “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂದಷ್ಟೇ ಹೇಳಿ ಒಲೆ ಆರಿಸಿದಳು. ಮೊಟ್ಟೆಯ ಬಗ್ಗೆ ಹೇಳಿದಳೋ ದಾರಿಯ ಬಗ್ಗೆ ಹೇಳಿದಳೋ, ಯಾರೂ ಕೇಳಲಿಲ್ಲ.

ಭಾನುವಾರ ಅವಳು ಬಾಡಿಗೆ ಬೂಟುಗಳನ್ನೆಲ್ಲ ತೊಳೆದಳು. ಅಡಿಯ ಸಂದುಗಳಿಂದ ಕಡ್ಡಿಯಲ್ಲಿ ಮಣ್ಣು ಕೀಳುವುದು ವಾರವಾರದ ಕೆಲಸ. ಆ ದಿನ ಮಾತ್ರ ಪ್ರತಿ ಬೂಟಿನಿಂದ ಬಿದ್ದ ಮಣ್ಣನ್ನು ಎಸೆಯದೆ ಒಂದು ಕಡೆ ಕೂಡಿಸಿದಳು. ಹದಿನಾಲ್ಕು ಜೊತೆ ಬೂಟು. ಕೊನೆಗೆ ನೋಡಿದರೆ ಒಂದು ಬೋಗುಣಿಯಷ್ಟು ಗುಡ್ಡ ಅಂಗಳದಲ್ಲಿ ಬಿದ್ದಿತ್ತು.

ಸೋಮವಾರ ಇಬ್ಬರೂ ಅರಣ್ಯ ಕಚೇರಿಗೆ ಹೋದರು. ಗಂಡನ ದನಿ ಇನ್ನೂ ಬಂದಿರಲಿಲ್ಲ. ರೇಂಜರ್ ಸಾಹೇಬರ ಕೋಣೆಯಲ್ಲಿ ಕಡತಗಳ ಕಪಾಟು, ಒಂದು ಸದ್ದಿನ ಫ್ಯಾನು, ಕಿಟಕಿಯಲ್ಲಿ ಆರಿದ ಚಹದ ಲೋಟ. ಸಾಹೇಬರು ಹಾಳೆ ಬಿಡಿಸಿದರು. ಖಾಲಿ ಇತ್ತು.

“ಏನ್ರೀ ಇದು, ಬರೆದೇ ಇಲ್ಲ? ನೀವು ಯಾವಾಗಲೂ ಮುತ್ತಿನ ಹಾಗೆ ಚೆನ್ನಾಗಿದೆ ಅಂತ ಬರೆದು ತರ್ತಿದ್ರಲ್ಲ.”

ಗಂಡ ಗಂಟಲು ಮುಟ್ಟಿ ತೋರಿಸಿ, ಹೆಂಡತಿಯತ್ತ ಕೈ ಮಾಡಿದ.

“ಸರಿ, ನೀವು ಹೇಳಿಬಿಡಿಯಮ್ಮ, ನಾನೇ ತುಂಬ್ತೀನಿ. ದಾರಿ ಚೆನ್ನಾಗಿದೆ ತಾನೆ?” ಸಾಹೇಬರು ಪೆನ್ನಿನ ಟೊಪ್ಪಿ ತೆಗೆದು ಬರೆಯಲು ಸಿದ್ಧರಾಗಿಯೇ ಕೇಳಿದರು.

ಹ್ಞೂಂ ಎಂದರೆ ಸಾಕಿತ್ತು. ಹ್ಞೂಂ ಎನ್ನುವುದರಲ್ಲಿ ಅವಳಿಗೆ ಜೀವಮಾನದ ಅಭ್ಯಾಸವಿತ್ತು. ಹ್ಞೂಂ ಎಂದರೆ ಇನ್ನು ಮೂರು ವರ್ಷ ನೆತ್ತಿ ತೆರೆದಿರುತ್ತದೆ. ಗಂಡನ ಗಂಟಲು ಮತ್ತೆಂದಾದರೂ ಕಟ್ಟೀತು, ಅವಳು ಮತ್ತೆ ಮುಂದೆ ನಡೆದಾಳು. ಗಂಡ ಏನು ಬರೆದಿದ್ದರೂ ಇಲ್ಲಿ ಮಾತಾಡಬೇಕಾದವಳು ಅವಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಮಂಡಿಯ ಮೇಲೆ ಕೈಯಿಟ್ಟು ಫ್ಯಾನು ನೋಡುತ್ತಿದ್ದ.

“ಚೆನ್ನಾಗಿಲ್ಲ ಸರ್,” ಎಂದಳು.

ಪೆನ್ನು ನಿಂತಿತು.

ಅವಳು ಹೇಳಿದಳು. ಯಾವ ತಿರುವಿನಲ್ಲಿ ಎಷ್ಟು ಅಡ್ಡದಾರಿ, ಎಲ್ಲಿ ಅಂಚು ಕುಸಿದಿದೆ, ಯಾವ ಕಲ್ಲಿಗೆ ಹಾವಸೆ ಹೋಗಿ ಎಷ್ಟು ವರ್ಷವಾಯಿತು. ಮೊದಮೊದಲು ಮೇಜಿಗೆ ಹೇಳಿದಳು, ಆಮೇಲೆ ಸಾಹೇಬರಿಗೆ ಹೇಳಿದಳು. ಹನ್ನೊಂದು ವರ್ಷ ಕೊನೆಗೆ ನಡೆದವಳಿಗೆ ದಾರಿಯ ಮೈ ಅಂಗೈಯಷ್ಟು ಪರಿಚಯವಿತ್ತು. ಸಾಹೇಬರು ಎರಡನೆಯ ಹಾಳೆ ತೆಗೆದುಕೊಂಡರು. ಮೊಟ್ಟೆಯ ಮಾತು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎರಡು ವರ್ಷ ಮುಚ್ಚಬೇಕಾಗುತ್ತೆ,” ಎಂದರು. “ಮುಚ್ಚೋದು ಅಂದ್ರೆ ಪೂರ್ತಿ. ನಿಮಗೂ ಪ್ರವೇಶ ಇಲ್ಲ. ನೋಡ್ಕೊಂಡು ಬರ್ತೀವಿ, ಗೈಡು ನಾವು ಅಂತೆಲ್ಲ ನಡೆಯಲ್ಲ. ಗೊತ್ತಲ್ಲ?”

ಅವಳಿಗೆ ಮಡು ಕಣ್ಣ ಮುಂದೆ ಬಂತು. ಬಾಲದ ತುದಿಯಿಲ್ಲದ ಮೂರನೆಯದನ್ನು ಅವಳಿನ್ನೂ ನೋಡಿರಲಿಲ್ಲ.

“ಗೊತ್ತು ಸರ್.”

“ನಿಮ್ಮ ಹೊಟ್ಟೆಪಾಡು?”

“ಇನ್ನು ನಾಲ್ಕು ದಾರಿ ಇದೆ. ಯಾರೂ ಕೇಳಲ್ಲ, ಅಷ್ಟೇ. ಇವರಿಗೆ ದನಿ ಬರಲಿ, ಕೇಳೋ ಹಾಗೆ ಮಾಡ್ತಾರೆ.”

ಗಂಡ ಸದ್ದಿಲ್ಲದೆ ನಕ್ಕ. ಸಾಹೇಬರೂ ನಕ್ಕರು. ಸಹಿಯ ಹೊತ್ತಿಗೆ ಹಾಳೆಯಲ್ಲಿ ಹಿಂಗಾಲಿಗೆ ಜಾಗವಿರಲಿಲ್ಲ. ಸಾಹೇಬರು ಅಂಚಿನಲ್ಲಿ ಅವರೇ ಒಂದು ಗೆರೆ ಎಳೆದು, “ಇಲ್ಲಿ ಮಾಡಿ” ಎಂದರು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನೆತ್ತಿಗೆಂದು ಮುಂಚೆಯೇ ಹೆಸರು ಬರೆಸಿದವರು ಹತ್ತೊಂಬತ್ತು ಜನರಿದ್ದರು. ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಬೇಕು. ಫೋನಿನಲ್ಲಿ ಪಿಸುಗುಟ್ಟಿದರೆ ಜನ ಬೇರೆ ಏನೋ ತಿಳಿದಾರು ಎಂದು ಅತ್ತೆ ಮಗನನ್ನು ಆ ಕೆಲಸದಿಂದ ಬಿಡಿಸಿದಳು. ಉಳಿದವಳು ಅವಳೇ. ಮಧ್ಯಾಹ್ನ ಮೇಜಿನ ಮುಂದೆ ಕೂತು ಮೊದಲ ಅಂಕಿ ಒತ್ತುವ ಮುಂಚೆ ಎರಡು ಲೋಟ ನೀರು ಕುಡಿದಳು.

ಮೊದಲಿನವರು, “ಅಯ್ಯೋ, ಶೂ ಬೇರೆ ತಗೊಂಡಾಗಿತ್ತಲ್ರೀ” ಎಂದು ಪೇಚಾಡಿ, ಹೊಳೆಯ ಕೆಳಗಿನ ದಾರಿಯಾದರೂ ಆಗಲಿ ಎಂದರು. ಎರಡನೆಯವರು ಪೂರ್ತಿ ಕೇಳದೆ ಇಟ್ಟುಬಿಟ್ಟರು. ಮೂರನೆಯವರಿಗೆ ಬೇರೆ ಯಾವ ಗುಡ್ಡ ತೆರೆದಿದೆ ಎಂಬುದಷ್ಟೇ ಬೇಕಿತ್ತು. ನಾಲ್ಕನೆಯ ಹೆಸರು ಹಲ್ಲಿನ ಡಾಕ್ಟರದು. ಶನಿವಾರ ಇಳಿದ ಖುಷಿಯಲ್ಲಿ ಗೇಟಿನ ಬಳಿಯೇ ಮುಂದಿನ ತಿಂಗಳಿಗೆ ತಮ್ಮನ ಜೊತೆ ಬರುತ್ತೇನೆಂದು ಬರೆಸಿ ಹೋಗಿದ್ದರು.

“ಓಹೋ, ಹಿಂಗಾಲಕ್ಕ,” ಎಂದರು ಅವರು. “ಗಂಟಲು ಹೇಗಿದೆ ಯಜಮಾನ್ರದ್ದು?”

“ಪರವಾಗಿಲ್ಲ ಸರ್.” ಅವಳು ದಾರಿ ಮುಚ್ಚಿದ ವಿಷಯ ಹೇಳಿದಳು.

“ಯಾಕೆ, ಇದ್ದಕ್ಕಿದ್ದ ಹಾಗೆ?”

ಸವೆದಿದೆ ಎಂದು ಹೇಳಿ ಮುಗಿಸಬಹುದಿತ್ತು. ಅವಳು ವಯರನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು.

“ನೀವು ಅಡ್ಡ ಇಳಿದ್ರಲ್ಲ ಸರ್, ಅಲ್ಲಿ ನೆಲದ ಮೇಲೆ ಹಕ್ಕಿ ಮೊಟ್ಟೆ ಇಟ್ಟಿತ್ತು. ಎರಡು. ಒಂದು ಒಡೆದುಹೋಯ್ತು. ಇಳೀಬೇಡಿ ಅಂತ ನಾನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು.”

ಆ ಕಡೆ ಒಂದು ಯಂತ್ರ ಗುಂಯ್ಯೆನ್ನುತ್ತಿದ್ದುದು ನಿಂತಿತು. ಯಾರಿಗೋ, “ಒಂದು ನಿಮಿಷ, ಬಾಯಿ ಮುಕ್ಕಳಿಸಿ” ಎಂದರು. ಬಾಗಿಲು ಮುಚ್ಚಿದ ಸದ್ದು.

“ಅವರು ಚಪ್ಪಾಳೆ ಹೊಡೆದಿದ್ದು,” ಎಂದರು ಡಾಕ್ಟರು.

“ಹೌದು ಸರ್. ದನಿ ಇರಲಿಲ್ಲವಲ್ಲ.”

“ನಾನು ತಿರುಗಿ ಹೊಡೆದೆ.”

“ಹೌದು ಸರ್.”

ಅವಳು ಅವಸರ ಮಾಡಲಿಲ್ಲ. ಹಿಂದುಳಿದವರಿಗಾಗಿ ನಿಲ್ಲುವುದು ಅವಳ ಕಸುಬು.

“ಇನ್ನೊಂದು?” ಎಂದು ಕೇಳಿದರು ಕೊನೆಗೆ. “ಇನ್ನೊಂದು ಮೊಟ್ಟೆ ಏನಾಯ್ತು?”

“ಗೊತ್ತಿಲ್ಲ ಸರ್. ನಾವು ಬರೋವಾಗ ಇತ್ತು. ಈಗ ನಮಗೂ ಅಲ್ಲಿಗೆ ಹೋಗೋ ಹಾಗಿಲ್ಲ.”

“ಗೊತ್ತಾಗೋದೇ ಇಲ್ವಾ ಹಾಗಾದ್ರೆ?”

“ಇಲ್ಲ ಸರ್,” ಎಂದಳು ಅವಳು. “ನೋಡೋಕೆ ಯಾರೂ ಹೋಗಲ್ಲ ಅನ್ನೋದೇ ಈಗ ಅದಕ್ಕಿರೋ ಕಾವಲು.”

ಅವರು ಸರಿ ಎಂದರು. ತಮ್ಮನನ್ನು ಕರೆದುಕೊಂಡು ಬರುವುದಾಗಿಯೂ, ಯಾವ ದಾರಿ ಎಂದು ಅವಳೇ ಹೇಳಬೇಕೆಂದೂ ಹೇಳಿ ಇಟ್ಟರು. ಅವಳು ಆ ಹೆಸರಿನ ಮುಂದೆ ಒಂದು ಚುಕ್ಕೆ ಹಾಕಿದಳು. ಮೇಜಿನ ಆಚೆ ಗಂಡ ನಕ್ಷೆಯ ಗಾಜನ್ನು ಎತ್ತಿ, ಐದನೆಯ ದಾರಿಯ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಇನ್ನೂ ಹದಿನೈದು ಹೆಸರಿತ್ತು. ಅವಳು ಐದನೆಯವರ ನಂಬರು ಒತ್ತಿದಳು.